ಪದಚರ್ಚೆ: ‘ಮುಖಾಮುಖಿ ಚಿಕಿತ್ಸೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕುಡಿತ, ಮಾದಕ ವಸ್ತು ಬಿಡಲು ಬರುವವರಿಗಾಗಿ ಒಂದು ಮಾಹಿತಿ ಪುಸ್ತಿಕೆ ಬರೆಯುತ್ತಿದ್ದೇನೆ. ಫೋನು, ವಿಡಿಯೊ ಮೂಲಕ ಕೊಡುವುದಕ್ಕೆ ‘ಟೆಲಿಚಿಕಿತ್ಸೆ’ ಅಂತ ಹಾಕಿದ್ದೇನೆ. ಅದಿರಲಿ. ಡಾಕ್ಟರ ಬಳಿಗೇ ಹೋಗಿ ಪಡೆಯುವ ಚಿಕಿತ್ಸೆಗೆ ಏನನ್ನೋಣ?

‘ಮುಖಾಮುಖಿ’ ಎಂಬುದು ಮೊದಲು ಹೊಳೆಯುವ ಪದ. ಆದರೆ ವಿಡಿಯೊದಲ್ಲೂ ಮುಖ ಕಾಣುತ್ತದೆ ಅಲ್ವಾ? ‘ನೇರ’ ಅಂದರೆ ನೇರಪ್ರಸಾರವೂ ನೇರವೇ. ಕೌನ್ಸೆಲಿಂಗ್ ಮಟ್ಟಿಗೆ ಈ ಗೊಂದಲ ಅಷ್ಟೇನೂ ಬಾಧಿಸದು, ಮಾತುಕತೆ ಪರದೆಯ ಮೇಲೂ ಚೆನ್ನಾಗಿಯೇ ನಡೆಯುತ್ತದೆ. ಮುಟ್ಟಿ ನೋಡಬೇಕಾದ ಕಡೆ ಮಾತ್ರ ಪದ ಕೈಕೊಡುತ್ತದೆ. ಕುಡಿತ ನಿಲ್ಲಿಸಿದವರ ಕೈನಡುಕ ನೋಡುವಾಗ ತೋಳು ಚಾಚಿ, ಬೆರಳು ಅಗಲಿಸಲು ಹೇಳುತ್ತಾರೆ. ತೀರಾ ಸಣ್ಣ ನಡುಕ ಕಣ್ಣಿಗೆ ಕಾಣುವುದೇ ಇಲ್ಲ. ಬೆರಳ ತುದಿಗೆ ಬೆರಳ ತುದಿ ತಾಗಿಸಿದಾಗ ತಿಳಿಯುತ್ತದೆ. ಎಂಥ ಕ್ಯಾಮೆರಾ ಇದ್ದರೂ ಅದು ಆಗದ ಕೆಲಸ. ನನಗೆ ಬೇಕಿರುವ ಪದದಲ್ಲಿ ಹೀಗೆ ಹತ್ತಿರವಿರುವ ಭಾವ ಇರಬೇಕು.

‘ಖುದ್ದು ಭೇಟಿ’ ಚೆನ್ನಾಗಿದೆ. ಅದನ್ನೇ ‘ಖುದ್ದು ಚಿಕಿತ್ಸೆ’ ಮಾಡಿದರೆ ಕಷ್ಟ, ತನಗೆ ತಾನೇ ಮಾಡಿಕೊಳ್ಳುವುದು ಎಂದು ಯಾರಾದರೂ ಓದಿಬಿಟ್ಟಾರು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ತಾವಾಗಿಯೇ ದಿಢೀರ್ ಅಂತ ನಿಲ್ಲಿಸಿದರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಆಮೇಲೆ ಸನ್ನಿ ಹಿಡಿಯುವುದೂ ಉಂಟು, ಜೀವ ಹೋಗುವುದೂ ಉಂಟು. ಪುಸ್ತಿಕೆಯಿಂದ ಅಂಥ ಅರ್ಥ ಹೊರಡಬಾರದು. ಇನ್ನು ‘ಖುದ್ದು ಹಾಜರಿ’ ಅಂದರಂತೂ ಕೋರ್ಟಿನ ಸಮನ್ಸೇ! ಮೊದಲೇ ನಾಚಿಕೊಂಡು ಹಿಂದೆಮುಂದೆ ನೋಡುವವರು ಅದನ್ನು ಓದಿ ಬಂದಾರೆಯೇ?

ಸದ್ಯಕ್ಕೆ ‘ಭೇಟಿ ಚಿಕಿತ್ಸೆ’ ಎಂದು ಬರೆದಿಟ್ಟಿದ್ದೇನೆ. ಬಂದು ಹೋಗುವವರಿಗೆ ಅದು ಒಪ್ಪುತ್ತದೆ, ದಾಖಲಾಗಿ ವಾರಗಟ್ಟಲೆ ಇರುವವರಿಗೆ ಒಪ್ಪುವುದಿಲ್ಲ. ‘ಆಸ್ಪತ್ರೆ ಚಿಕಿತ್ಸೆ’ ಅಂದರೆ ಸಣ್ಣ ಕ್ಲಿನಿಕ್ಕುಗಳು ಹೊರಗುಳಿಯುತ್ತವೆ. ಎರಡೂ ಬೆರೆತದ್ದೂ ಇದೆ: ಮೊದಲ ತಪಾಸಣೆ, ಮೂತ್ರ ಪರೀಕ್ಷೆಗೆ ಬಂದು, ಮುಂದಿನದು ಫೋನಿನಲ್ಲಿ. ಅದಕ್ಕೆ ‘ಮಿಶ್ರ’ ಸಾಕು ಅನಿಸುತ್ತದೆ.

ಹಾಗೆಯೇ ಇನ್ನೊಂದು. ‘ಚಟ’ದಲ್ಲಿ ಬೈಗುಳದ ವಾಸನೆ ಇದೆ. ‘ವ್ಯಸನ’ಕ್ಕೆ ದುಃಖ ಎಂಬ ಅರ್ಥವೂ ಇದೆ, ನನಗೇನೋ ಅದು ಇಷ್ಟವೇ. ಆದರೆ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ‘ದುರ್ಬಳಕೆ’, ‘ಅವಲಂಬನೆ’ ಎರಡನ್ನೂ ಕೈಬಿಟ್ಟು ‘ಯೂಸ್ ಡಿಸಾರ್ಡರ್’ ಎಂಬ ಒಂದೇ ಕಾಯಿಲೆಯಾಗಿಸಿತು. ಸೌಮ್ಯದಿಂದ ತೀವ್ರದವರೆಗೆ ಅದರಲ್ಲಿ ಮೂರು ಹಂತ. ಸೌಮ್ಯ ಹಂತದವರನ್ನೂ ‘ವ್ಯಸನಿ’ ಎನ್ನಬಹುದೇ? ಆ ಇಂಗ್ಲಿಷ್ ಹೆಸರನ್ನೇ ‘ಬಳಕೆ ಕಾಯಿಲೆ’ ಎಂದರೆ ಕೇಳುವವರಿಗೆ ಏನಾದರೂ ಹೊಳೆಯುತ್ತದೆಯೇ?

ಕೌನ್ಸೆಲಿಂಗ್ ಮಾಡುವವರು ಇಲ್ಲಿದ್ದರೆ, ರೋಗಿಗಳ ಬಾಯಲ್ಲಿ ಬರುವ ಮಾತು ಯಾವುದು ಅಂತಲೂ ತಿಳಿಸಿ.