ಹೂಜಿ ಗಿಡ ‘ಒಗ್ಗುವುದೋ’, ‘ಪಳಗುವುದೋ’?

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹೂಜಿ ಗಿಡ, ಅಂದರೆ ಎಲೆತುದಿಯಲ್ಲಿ ಹೂಜಿ ಬಿಟ್ಟು ಹುಳ ಹಿಡಿಯುವ ಗಿಡ, ತರಿಸುವವರು ಈಗ ಜಾಸ್ತಿ. ಅವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಪಾರ್ಸೆಲ್ಲಿನಲ್ಲಿ ಬಂದ ಗಿಡವನ್ನು ಇಲ್ಲಿಯ ಗಾಳಿ ಬಿಸಿಲಿಗೆ ಮೆಲ್ಲಗೆ ತರುವ ಕೆಲಸಕ್ಕೆ ಯಾವ ಕ್ರಿಯಾಪದ ಹಾಕಲಿ?

ಬಾಯಿಗೆ ಮೊದಲು ಬರುವುದು ‘ಒಗ್ಗು’. ಆ ಊರಿನ ನೀರು ಒಗ್ಗಲಿಲ್ಲ ಅನ್ನುತ್ತೇವಲ್ವಾ, ಹಾಗೆ. ಆದರೆ ಇದನ್ನು ಓದಿದವರು ಇದ್ದ ಎಲೆಯೇ, ಇದ್ದ ಹೂಜಿಯೇ ಸುಧಾರಿಸುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ನರ್ಸರಿಯ ತೇವದಲ್ಲಿ ಬೆಳೆದ ಹೂಜಿಗಳು ಇಲ್ಲಿಗೆ ಬಂದ ಮೇಲೆ ಬಾಯಿಯಿಂದ ಕೆಳಗೆ ಒಣಗುತ್ತಾ ಹೋಗುತ್ತವೆ. ಅದು ಸಾವಲ್ಲ. ಹೊಸ ಹವೆಗೆ ಹೊಂದುವುದು ಹೊಸದಾಗಿ ಹುಟ್ಟುವ ಎಲೆ. ಹಳೆಯ ಹೂಜಿ ನೋಡಿ ಗಾಬರಿಯಾದವರು ನೀರು ಸುರಿಯುತ್ತಾರೆ, ಗೊಬ್ಬರ ಹಾಕುತ್ತಾರೆ. ಗೊಬ್ಬರ ಬಿದ್ದರೆ ಬೇರೇ ಸುಡುತ್ತದೆ.

‘ಗಿಡ ಹಿಡಿಯಿತು’ ಅನ್ನಬಹುದು. ಪಕ್ಕದ ಮಲಯಾಳಿಗಳೂ ‘ಪಿಡಿಚ್ಚು’ ಎನ್ನುತ್ತಾರೆ. ಆದರೆ ಅದು ಬೇರಿನ ಮಾತು. ಬೇರು ಹಿಡಿದು ಎಲೆ ಹಸಿರಾಗಿದ್ದರೂ ಎಲೆತುದಿಯ ದಾರದ ಕೊನೆಯಲ್ಲಿ ಅಕ್ಕಿಕಾಳಿನಷ್ಟಿರುವ ಹೂಜಿಯ ಮೊಗ್ಗು ಉಬ್ಬದೆ ಕಪ್ಪಾಗಿ ನಿಲ್ಲುವುದುಂಟು. ಗಾಳಿಯಲ್ಲಿ ತೇವ ಸಾಲದೆ ಹೋದಾಗ ಹೀಗಾಗುತ್ತದೆ. ಅದಕ್ಕೇ ಮೊದಲು ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಡುವುದು, ಆಮೇಲೆ ತೂತು ಮಾಡುತ್ತಾ, ಕೆಲವು ವಾರಗಳಲ್ಲಿ ಚೀಲ ತೆಗೆದುಬಿಡುವುದು. ಬಿಸಿಲೂ ಹಾಗೇ, ಸ್ವಲ್ಪ ಸ್ವಲ್ಪ. ನೀರು ಮಾತ್ರ ಮಳೆಯದ್ದೇ ಇರಲಿ, ಉಪ್ಪಿನಂಶದ ಬೋರ್‌ವೆಲ್ ನೀರು ಬೇಡ.

ಗೆಳೆಯರೊಬ್ಬರು ‘ಪಳಗಿಸು’ ಹಾಕಿ ಎಂದರು. ನನಗೆ ಒಪ್ಪಿಗೆಯಿಲ್ಲ. ಪಳಗಿಸಿದರೆ ಸ್ವಭಾವವೇ ಬದಲಾದ ಹಾಗೆ ಕೇಳುತ್ತದೆ. ಮೇಘಾಲಯದ ನೆಪೆಂಥಿಸ್ ಖಾಸಿಯಾನ ಎಂಬ ಹೂಜಿ ಗಿಡ ಇಲ್ಲಿ ಬದುಕಿಕೊಳ್ಳುತ್ತದೆ. ಆದರೆ ಹುಳ ಹಿಡಿಯುವ ಇನ್ನೊಂದು ಗಿಡ, ಅಮೆರಿಕದ ಕೆರೊಲಿನಾ ಸೀಮೆಯ ವೀನಸ್ ಫ್ಲೈಟ್ರ್ಯಾಪ್‌ಗೆ ಸುಮಾರು ಮೂರು ತಿಂಗಳ ಚಳಿನಿದ್ದೆ ಬೇಕು. ಅದನ್ನು ಕಾಸರಗೋಡಿನ ಸೆಕೆಯಲ್ಲಿ ಎಷ್ಟು ಪಳಗಿಸಿದರೂ ನಿದ್ದೆಯ ಆಸೆ ಬಿಡುವುದಿಲ್ಲ, ಸುಮ್ನೆ ಸೊರಗುತ್ತದೆ.

ಸದ್ಯಕ್ಕೆ ನಾವು ಮಾಡುವ ಕೆಲಸಕ್ಕೆ ‘ಒಗ್ಗಿಸು’ ಇಟ್ಟುಕೊಂಡಿದ್ದೇನೆ. ಗಿಡದ ಪಾಲಿಗೆ ‘ಹೊಸ ಸುಳಿ ಬಂದ ಮೇಲೆ ಚೀಲ ತೆಗೆಯಿರಿ’ ಎಂದು ಬರೆದಿದ್ದೇನೆ. ಅಡಿಕೆ ತೋಟದವರಿಗೆ ಸುಳಿ ಅಂದರೆ ತಕ್ಷಣ ಅರ್ಥವಾಗುತ್ತದೆ.

ತೊಡಕು ಇಲ್ಲೇ ಇದೆ. ಅಡಿಕೆ, ತೆಂಗು, ಬಾಳೆಗೆ ಸುಳಿ ಸರಿ. ಹೂಜಿ ಗಿಡ ಬಳ್ಳಿ ಜಾತಿ. ಮೆಣಸಿನ ಬಳ್ಳಿಗೆ ನಾವು ‘ಕುಡಿ’ ಅನ್ನುತ್ತೇವೆ. ಇಲ್ಲೂ ಕುಡಿ ಎಂದರೆ ಎಲೆತುದಿಯ ಆ ದಾರವನ್ನೇ ಕುಡಿ ಎಂದು ತಿಳಿಯುವವರಿದ್ದಾರೆ. ನಿಮ್ಮ ಕಡೆ ಬಳ್ಳಿಯ ಹೊಸ ಎಲೆಗೆ ‘ಸುಳಿ’ ಎಂದು ಹೇಳುವ ರೂಢಿ ಇದೆಯೇ? ದಾರಕ್ಕೆ ಬೇರೆ ಹೆಸರು ಯಾವುದಾದರೂ ಇದೆಯೇ?