ಕಾಯಂ ಕೆಲಸ ಬಿಟ್ಟು 12 ತಿಂಗಳ ಕಾಂಟ್ರಾಕ್ಟ್: 40% ಜಾಸ್ತಿ ಕೊಟ್ಟರೆ ಲಾಭವೇ?

ಪ್ರಶ್ನೆ
ಈಗಿರುವುದು ಕಾಯಂ ಕೆಲಸ. ಏಜೆನ್ಸಿ ಮೂಲಕ 12 ತಿಂಗಳ ಕಾಂಟ್ರಾಕ್ಟ್ ಬಂದಿದೆ. ದಿನದ ಲೆಕ್ಕದಲ್ಲಿ ಈಗಿನ ಸಂಬಳಕ್ಕಿಂತ 40% ಜಾಸ್ತಿ, ಆದರೆ ರಜೆ ಹಾಕಿದ ದಿನ ದುಡ್ಡಿಲ್ಲ. ವರ್ಷದ ಮೇಲೆ ಮುಂದುವರಿಸುತ್ತೇವೆ ಎಂಬುದು ಬಾಯಿಮಾತು. ಹೇಗೆ ತೂಗಿ ನೋಡುವುದು?

ಉತ್ತರ 1
ಮೊದಲು ಆ 40% ಬಿಡಿಸಿ ನೋಡಿ. ಶನಿವಾರ, ಭಾನುವಾರ ಕಳೆದರೆ ವರ್ಷಕ್ಕೆ 261 ದಿನ. ಹಬ್ಬದ ರಜೆ 10, ನಿಮ್ಮ ರಜೆ 20, ಹುಷಾರಿಲ್ಲದ ದಿನ 6, ಮುಂದಿನ ಕೆಲಸ ಸಿಗುವ ತನಕ ಖಾಲಿ ಕೂರುವ ಐದು ವಾರ, ಅಂದರೆ 25. ದುಡ್ಡು ಬರುವುದು 200 ದಿನಕ್ಕೆ.

ಈಗಿನ ಸಂಬಳ 100 ಎಂದಿಟ್ಟುಕೊಳ್ಳಿ. ನಿವೃತ್ತಿ ನಿಧಿಗೆ ಕಂಪನಿಯ ಪಾಲು, ವಿಮೆ, ಬೋನಸ್ ಸೇರಿ ಇನ್ನೊಂದು 20 ಆದರೆ ನೀವು ಬಿಡುತ್ತಿರುವುದು 120. ಅತ್ತ ಸಿಗುವುದು 140ನ್ನು 261ರಿಂದ ಭಾಗಿಸಿ 200ರಿಂದ ಗುಣಿಸಿದರೆ ಸುಮಾರು 107. ಸರಿಸಮ ಆಗಲು 57% ಜಾಸ್ತಿ ಬೇಕು. ಆ 20ರ ಜಾಗದಲ್ಲಿ ನಿಮ್ಮ ಸಂಬಳ ಚೀಟಿಯ ಅಂಕಿ ಹಾಕಿ ನೋಡಿ.

ಉತ್ತರ 2
ಮೇಲಿನ ಲೆಕ್ಕ ಸರಿ. ಆದರೆ ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದದ್ದು ಕರಾರಿನಲ್ಲಿರುವ ನೋಟಿಸ್ ಕಲಮು. "12 ತಿಂಗಳು" ಎಂದು ಮೊದಲ ಪುಟದಲ್ಲಿದ್ದು, ಒಳಗೆಲ್ಲೋ "15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು" ಎಂದಿದ್ದರೆ ನಿಮಗೆ ಗಟ್ಟಿಯಾಗಿರುವುದು ಆ 15 ದಿನ ಮಾತ್ರ. ನೀವು ಬಿಡುವಾಗ 60 ದಿನ, ಅವರು ಬಿಡಿಸುವಾಗ 15 ಎಂದು ಬರೆಯುವುದೂ ಉಂಟು. ಎರಡೂ ಕಡೆ ಒಂದೇ ಇರಲಿ ಎಂದು ಕೇಳಿ. ಸಹಿಗೆ ಮುಂಚೆ ಕೇಳಿದರಷ್ಟೇ ಬೆಲೆ.

ಹಣ ಯಾವಾಗ ಕೈಸೇರುತ್ತದೆ ಎಂಬುದನ್ನೂ ನೋಡಿ. ತಿಂಗಳ ಕೊನೆಗೆ ಬಿಲ್, ಅಲ್ಲಿಂದ 45 ದಿನಕ್ಕೆ ಪಾವತಿ ಎಂದರೆ ಮೊದಲ ದಿನದ ದುಡಿಮೆ ಕಾಣುವುದು 75 ದಿನಕ್ಕೆ. ಆರು ತಿಂಗಳ ಮನೆಖರ್ಚು ಪಕ್ಕಕ್ಕಿಡದೆ ಇಳಿಯಬೇಡಿ. ಮನೆ ಸಾಲ ಹೇಗೂ ಬೇಕಿದ್ದರೆ ಕಾಯಂ ಸಂಬಳ ಇರುವಾಗಲೇ ವಿಚಾರಿಸಿ, ಆಮೇಲೆ ದಾಖಲೆ ಹೆಚ್ಚು ಕೇಳುತ್ತಾರೆ. ಆದರೆ ಕೆಲಸ ಬಿಡುವ ಯೋಚನೆಯನ್ನು ಬ್ಯಾಂಕಿಗೆ ಮುಚ್ಚಿಡಬೇಡಿ. ಕಂತು ಕಟ್ಟಬೇಕಾದವರು ನೀವೇ.

ಉತ್ತರ 3
ಈ ಹುದ್ದೆ ಯಾಕೆ ಹುಟ್ಟಿತು ಎಂದು ನೇರವಾಗಿ ಕೇಳಿ. ಹೆರಿಗೆ ರಜೆಯಲ್ಲಿರುವವರ ಬದಲಿಯಾದರೆ ಅವರು ಬಂದ ದಿನ ಮುಗಿಯಿತು. ಪ್ರಾಜೆಕ್ಟ್ ಬಜೆಟ್ ಆದರೆ ಅದರ ಕೊನೆ ತಾರೀಕು ಕೇಳಿ. ಕಾಯಂ ಹುದ್ದೆಗೆ ಮಂಜೂರಾತಿ ಬರುವವರೆಗಿನ ವ್ಯವಸ್ಥೆಯಾದರೆ ಮಾತ್ರ ಆ ಬಾಯಿಮಾತಿಗೆ ಸ್ವಲ್ಪ ತೂಕ. ಆಗಲೂ, ನೇರವಾಗಿ ಸೇರಿಸಿಕೊಂಡರೆ ಏಜೆನ್ಸಿಗೆ ಶುಲ್ಕ ಕಟ್ಟಬೇಕೆಂಬ ಷರತ್ತು ಇದೆಯೇ ನೋಡಿ. ಎಷ್ಟೋ ಸಲ ಕೂಡಿಬಂದ ಕೆಲಸ ತಪ್ಪುವುದು ಅಲ್ಲೇ.

ಕಾಯಂ ಕೆಲಸಕ್ಕೂ ಇದೇ ಪ್ರಶ್ನೆ ಹಾಕಿ. ನಿಮ್ಮ ವಿಭಾಗದಲ್ಲಿ ಬಿಟ್ಟುಹೋದವರ ಜಾಗ ತುಂಬುತ್ತಿಲ್ಲ ಎಂದರೆ ಕಾಯಂ ಎಂಬುದು ಕಾಗದದ ಮೇಲಷ್ಟೇ. ಈಗಿನವರು ಒಂದು ವರ್ಷ ಸಂಬಳವಿಲ್ಲದ ರಜೆ ಕೊಟ್ಟು, ಬೇರೆಡೆ ದುಡಿಯಲು ಲಿಖಿತ ಒಪ್ಪಿಗೆಯನ್ನೂ ಕೊಡುತ್ತಾರೆಯೇ ವಿಚಾರಿಸಿ. ಹೋಗುವುದೇ ಆದರೆ, ಎಂಟನೇ ತಿಂಗಳಲ್ಲಿ ಮುಂದುವರಿಕೆಯನ್ನು ಬರಹದಲ್ಲಿ ಕೇಳಿ. ಒಂಬತ್ತಕ್ಕೂ ಉತ್ತರ ಬರದಿದ್ದರೆ ಅರ್ಜಿ ಹಾಕಲು ಶುರುಮಾಡಿ.