ಸಹಾಯ ಬೇಕು: ಅಜ್ಜಿಯ ಕಾಸಿನ ಸರಕ್ಕೆ ವಿಮೆ ಮಾಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಒಂಟಿ ಮನೆ. ಸುತ್ತ ಅಡಿಕೆ ತೋಟ, ಕೂಗಿದರೆ ಓಗೊಡೋಕೆ ಯಾರೂ ಇಲ್ಲ. ಮುಂದಿನ ತಿಂಗಳು ಮಂಗಳೂರಲ್ಲಿ ತಂಗಿ ಮದುವೆ. ಲಾಕರ್‌ನಲ್ಲಿರೋ ಒಡವೆಯೆಲ್ಲ ಮನೆಗೆ ಬಂದು, ಆಗುಂಬೆ ಘಾಟಿ ಇಳಿದು, ಛತ್ರದಲ್ಲಿ ಎರಡು ರಾತ್ರಿ ಕಳೆದು ವಾಪಸ್ ಬರಬೇಕು. ಜೊತೆಗೆ ಭಾವ ಕೊಟ್ಟ ಒಮೆಗಾ ವಾಚು ಬೇರೆ.

ಲಾಕರ್ ಇದ್ದರೆ ಸಾಕು ಅಂದುಕೊಂಡಿದ್ದೆ. 2022ರ ಜನವರಿಯಿಂದ ಜಾರಿಯಲ್ಲಿರೋ ರಿಸರ್ವ್ ಬ್ಯಾಂಕ್ ನಿಯಮ ಓದಿ ನಿದ್ದೆ ಹಾರಿಹೋಯ್ತು. ಬೆಂಕಿ, ಕಳವು, ಸಿಬ್ಬಂದಿ ಮೋಸ ಆದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು, ಅಷ್ಟೇ. ನಮ್ಮ ಬಾಡಿಗೆ 2,000. ಅಂದರೆ 2 ಲಕ್ಷ. ಅಮ್ಮನ ಬಳೆಗೂ ಸಾಲದು!

ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಅದರಲ್ಲಿ ಒಡವೆ ತಾನಾಗಿ ಸೇರಲ್ಲ, ಬೇರೆ ದುಡ್ಡು ಕಟ್ಟಿ ಸೇರಿಸಬೇಕು. ಮೂಲ ಪಾಲಿಸಿಯಲ್ಲಿ ಬರೀ ಕಳ್ಳತನಕ್ಕೆ ಪರಿಹಾರವೂ ಇಲ್ಲ. ಬೆಂಕಿ, ನೆರೆಯಂಥ ಅವಘಡದ ಕಾರಣಕ್ಕೆ 7 ದಿನದೊಳಗೆ ಕಳುವಾದರೆ ಮಾತ್ರ.

ಮೈಮೇಲೆ ಹಾಕಿಕೊಂಡು ಹೊರಗೆ ಹೋದಾಗಲೂ ನಡೆಯುವ 'ಆಲ್ ರಿಸ್ಕ್' ವಿಮೆಯನ್ನ ಶಿವಮೊಗ್ಗ ಕಡೆ ಯಾರಾದರೂ ಮಾಡಿಸಿದ್ದೀರಾ? ಬರೀ ಮದುವೆಯ ದಿನಗಳ ಮಟ್ಟಿಗೆ ಕೊಡ್ತಾರಾ? ವಾಚಿಗೆ ಬಿಲ್ ಇದೆ. ಸರಕ್ಕೆ ಇಲ್ಲ; ಕೊಂಡಿ ಪಕ್ಕದ ಕಾಸು ಸವೆದು ಲಕ್ಷ್ಮಿಯ ಮುಖವೇ ಅಳಿಸಿದೆ, ನಮಗೆ ಅದೇ ಗುರುತು. ಮಾನ್ಯತೆ ಪಡೆದ ಮೌಲ್ಯಮಾಪಕರ ಚೀಟಿ, ಫೋಟೋ ಕೊಟ್ಟರೆ ಒಪ್ತಾರಾ? ನಮ್ಮ ಏಜೆಂಟರನ್ನ ಕೇಳಿದರೆ "ಮದುವೆ ಮುಗೀಲಿ, ಆಮೇಲೆ ನೋಡೋಣ" ಅಂತಾರೆ ಮಾರಾಯ್ರೆ!